ಲಿಗೋರಿ ತಳಿ

ಹಂದಿಗಳ ವೈರಸ್ಸು ವಾರಕ್ಕೆ ನೂರು ಹೊಸ ತಳಿ ಈಯುತ್ತಿದ್ದ ಕಾಲ ಅದು. ಇಡಲು ಹೆಸರುಗಳೇ ಸಾಲದೆ, ಯಾರ ಹಂದಿಗೂಡಿನಲ್ಲಿ ತಳಿ ಸಿಕ್ಕಿತೋ ಅವರದೇ ಹೆಸರಿಡುವ ಕಾನೂನು ಬಂದಿತ್ತು. “ನನ್ನ ಹೆಸರು ಮೂರು ರಾಜ್ಯ ದಾಟಿತು!” ಎಂದು ಲ್ಯಾಬಿನ ಜಗಲಿಯಲ್ಲಿ ಗಂಡಸರು ಮೀಸೆ ತಿರುವುತ್ತಿದ್ದರು.

ಅಲ್ಲೇ ಕಾದು ಕೂತಿದ್ದ ಸೆವ್ರಿನ್ ಬಾಯಿ ಎಂಬಾಕೆಗೆ ಹೆಸರು ಬೇಡ, ಹಂದಿ ಉಳಿದರೆ ಸಾಕು. ಆನೆಯೂ ನಾಚಿ ದಾರಿ ಬಿಡುವಂಥ ಗಬ್ಬದ ಹಂದಿ ನಿನ್ನೆಯಿಂದ ಮೇಲೆದ್ದಿಲ್ಲ. ತಳಿ ಯಾವುದೆಂದು ತಿಳಿದರೆ ಅದಕ್ಕೆ ತಕ್ಕ ಮದ್ದು ಸಿಗುತ್ತದೆ.

ಲ್ಯಾಬಿನ ವಾಮನ ಚೀಟಿ ಹಿಡಿದು ಬಂದ. “ಹೊಸತಲ್ಲ ಬಾಯಮ್ಮ. ಲಿಗೋರಿ.”

ಲಿಗೋರಿ ಆಕೆಯ ಗಂಡ. ತೀರಿಕೊಂಡು ಆರು ವರ್ಷ. ಅವನ ಹೆಸರಿನ ತಳಿಯೂ ಅವನೊಂದಿಗೇ ಮಣ್ಣಾಯಿತೆಂದು ಊರು ನಂಬಿತ್ತು.

“ಹಾಗಾದ್ರೆ ಮದ್ದು ಕೊಡಿ ಮಾರಾಯ್ರೆ.”

“ಇಲ್ಲ ಬಾಯಮ್ಮ. ಮುಗಿದುಹೋದ ತಳಿಗೆ ಮದ್ದು ಯಾರು ಮಾಡ್ತಾರೆ? ಹಂದಿ ನಾಳೆವರೆಗೆ ಉಳಿದ್ರೆ ಹೆಚ್ಚು.”

“ಬದುಕಿದ್ದಾಗ್ಲೂ ನಮ್ಮ ಮನೆಯ ಆ ಜನಕ್ಕೆ ಮದ್ದಿರ್ಲಿಲ್ಲ,” ಎಂದು ಆಕೆ ನಗಲು ನೋಡಿದಳು, ಆಗಲಿಲ್ಲ.

ಮನೆಗೆ ಬಂದು ಹಂದಿಗೂಡಿನೊಳಗೆ ಕೂತಳು. ಕಾದ ಕಾವಲಿಯಂತಿದ್ದ ಹಂದಿಯ ಕಿವಿಗೆ ಬಾಯಿಟ್ಟು, ಗಂಡನನ್ನೇ ಬೇಡಿಕೊಂಡಳು: “ಕೇಳ್ತದಾ? ಮರಿ ಹಾಕುವವರೆಗಾದ್ರೂ ಇವಳನ್ನು ಬಿಡಿ.”