ಗುಲಾಬಿಯಾದ ನೀರು

ಥೀಯಾಳ ಲೋಟದ ನೀರಿಗೆ ನರ್ಸ್ ಪೆಲ್ಟಿಯರ್ ಒಂದು ಹನಿ ದ್ರಾವಣ ಬಿಟ್ಟರು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು.

"ಹಾಗಂದ್ರೆ?" ಎಂದಳು ಥೀಯಾ.

"ಆಟದ ಲೆಕ್ಕದಲ್ಲಿ ನಿಂಗೆ ಸೋಂಕು ತಗುಲಿದೆ ಅಂತ, ಮರಿ."

ಅಮೆರಿಕದ ಡುಲೂತ್‌ ಊರಿನ ಆ ಕಾಲೇಜು ಹಾಸ್ಟೆಲಿನಲ್ಲಿ ಪ್ರತಿ ಫೆಬ್ರುವರಿಯಲ್ಲೂ ಈ ಆಟ ಇದ್ದದ್ದೇ. ಪಿಜ್ಜಾ ಇಡದಿದ್ದರೆ ಲೈಂಗಿಕ ರೋಗಗಳ ಪಾಠ ಕೇಳಲು ನರಪಿಳ್ಳೆಯೂ ಬರುವುದಿಲ್ಲ. ಎಲ್ಲರಿಗೂ ಒಂದೊಂದು ಲೋಟ ನೀರು. ಒಂದರಲ್ಲಿ ಮಾತ್ರ ಯಾರಿಗೂ ಗೊತ್ತಾಗದಂತೆ ಅಡಿಗೆ ಸೋಡಾ ಕದಡಿರುತ್ತಾರೆ. ಬೇಕಾದವರ ಜೊತೆ ನೀರು ಬೆರೆಸಿಕೊಳ್ಳಬಹುದು. ಕೊನೆಗೆ ಯಾರ ನೀರು ಗುಲಾಬಿಯಾಗುತ್ತದೋ ಅವರಿಗೆ ರೋಗ ಅಂಟಿತೆಂದು ಅರ್ಥ.

ಥೀಯಾಗೆ ತಲೆಬುಡ ತಿಳಿಯಲಿಲ್ಲ. ಅವಳು ನೀರು ಬೆರೆಸಿದ್ದು ಗೆಳೆಯ ವೆಸ್ಲಿಯ ಜೊತೆ ಮಾತ್ರ. ನಾವಿಬ್ಬರೇ ಎಂದು ಮೊದಲೇ ಮಾತಾಗಿತ್ತು. ಶನಿವಾರದಿಂದ ಕಾಂಡೋಮ್ ಬೇಡವೆಂದು ವೆಸ್ಲಿ ಬೇರೆ ಅವಳ ಪ್ರಾಣ ತಿನ್ನುತ್ತಿದ್ದ. ಮೊದಲು ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳೋಣ ಎಂದರೆ, ನನ್ನ ಮೇಲೆ ನಂಬಿಕೆ ಇಲ್ಲವೇ ಎಂದು ಮುಖ ಊದಿಸಿಕೊಳ್ಳುತ್ತಿದ್ದ. ಪಾಪ ಅನ್ನಿಸಿ ಅವಳು ಮುಕ್ಕಾಲು ಪಾಲು ಒಪ್ಪಿಯೂ ಬಿಟ್ಟಿದ್ದಳು.

ವೆಸ್ಲಿಯ ನೀರೂ ಗುಲಾಬಿಯಾಗಿತ್ತು. "ನಿನ್ ಬಿಟ್ಟು ಯಾರ ಜೊತೆನೂ ಬೆರೆಸಿಲ್ಲ ಕಣೆ," ಎಂದ. "ಸೋಡಾ ಲೋಟ ನಿಂದೇ ಇರ್ಬೇಕು."

ಸೋಡಾ ಲೋಟದ ಅಡಿಯಲ್ಲಿ ಕರಿ ಚುಕ್ಕೆ ಇದೆ, ನೋಡಿಕೊಳ್ಳಿ ಎಂದರು ನರ್ಸ್. ಥೀಯಾ ತನ್ನ ಲೋಟ ಎತ್ತಿ ನೋಡಿದಳು. ವೆಸ್ಲಿಯದನ್ನೂ ನೋಡಿದಳು. ಎರಡರಲ್ಲೂ ಇರಲಿಲ್ಲ.

"ನಂದ್ರಲ್ಲಿದೆ!" ಕಿಟಕಿಯ ಬಳಿಯಿದ್ದ ಹುಡುಗಿಯೊಬ್ಬಳು ನಗುತ್ತಾ ಕೈಯೆತ್ತಿದಳು.

ವೆಸ್ಲಿಯ ಕಿವಿ ಕೆಂಪಗಾಯಿತು. "ಪಿಜ್ಜಾ ತರೋಕೆ ಹೋದಾಗ ಅವಳೇ ಕೇಳಿದ್ಲು. ಬೇಡ ಅನ್ನೋಕಾಗ್ಲಿಲ್ಲ. ಒಂದೇ ಒಂದ್ಸಲ."

"ಆಮೇಲೆ ಬಂದು ನನ್ ಜೊತೆ ಬೆರೆಸ್ದೆ."

ನಗಬೇಕೋ ಸಿಟ್ಟಾಗಬೇಕೋ ಥೀಯಾಗೆ ಗೊತ್ತಾಗಲಿಲ್ಲ. ಆಟಕ್ಕೆಲ್ಲ ಹೀಗೆ ಸಂಕಟಪಡುತ್ತಾರೆಯೇ ಎಂದು ತನ್ನ ಮೇಲೇ ನಾಚಿಕೆಯಾಯಿತು. ಆದರೂ ಲೋಟವನ್ನು ಕೆಳಗಿಟ್ಟಳು. ಅವಳು ನರ್ಸ್ ಕಡೆ ತಿರುಗಿದಳು.

"ನಿಜವಾದ ಪರೀಕ್ಷೆ ಎಲ್ಲಿ ಮಾಡ್ತೀರಿ?"

"ಮೇಲಿನ ಮಹಡೀಲಿ, ಈಗ್ಲೇ ಹೋಗ್ಬಹುದು. ಇಬ್ರೂ ಬಂದ್ರೆ ಒಳ್ಳೇದು."

"ಹುಚ್ಚಾ ನಿಂಗೆ?" ವೆಸ್ಲಿ ಅವಳ ತೋಳು ಹಿಡಿದ. "ಇದು ಬರೀ ನೀರು ಕಣೆ!"

"ಗೊತ್ತು," ಎಂದಳು ಥೀಯಾ. "ಬರೀ ನೀರಿಗೇ ಸುಳ್ಳು ಹೇಳ್ಬಿಟ್ಯಲ್ಲೋ."