ಒಳಗಿನಿಂದ ಚಿಲಕ ಹಾಕಿದ ಅಡುಗೆಮನೆ

ಮನೆಯಲ್ಲಿ ಕಣ್ಣು ಮಂಜಾದ, ಕಿವಿ ಮಂದವಾದ ಹಿರಿಯರಿರುವ ಅಕ್ಕ-ತಂಗಿಯರೇ... ಒಲೆ ಸಣ್ಣಗೆ ಮಾಡಿ, ಎರಡು ನಿಮಿಷ ಕೂತು ಇದನ್ನು ಓದಿ.

ಹುಬ್ಬಳ್ಳಿಯ ಒಂದು ಮನೆ. ಅತ್ತೆ ನೀಲವ್ವ, ಸೊಸೆ ಜಯಶ್ರೀ.

ನೀಲವ್ವನಿಗೆ ಎರಡೂ ಕಣ್ಣು ಹೋದ ಮೇಲೆ ಜಯಶ್ರೀ ಅವರನ್ನು ಮಗುವಿನಂತೆ ನೋಡಿಕೊಂಡಳು. ಸ್ನಾನ ಮಾಡಿಸುವುದು, ತಲೆ ಬಾಚುವುದು, ಅನ್ನ ಕಲಸಿ ಕೈಗಿಡುವುದು... ಒಂದು ಲೋಟ ನೀರನ್ನೂ ಅವರು ತಾವಾಗಿ ಎತ್ತಿಕೊಳ್ಳಲು ಬಿಡುತ್ತಿರಲಿಲ್ಲ.

ಕಣ್ಣಿನ ಡಾಕ್ಟರ್ ಒಂದು ಸಂಸ್ಥೆಯ ಹೆಸರು ಹೇಳಿದರು. ದೃಷ್ಟಿ ಕಳೆದುಕೊಂಡ ಹಿರಿಯರಿಗೆ ಅವರು ಮನೆಗೇ ಬಂದು ಪುಕ್ಕಟೆಯಾಗಿ ತರಬೇತಿ ಕೊಡುತ್ತಾರಂತೆ.

ಹಾಗೆ ಬಂದವರು ಪ್ರಫುಲ್ಲಾ ಟೀಚರ್. ಮಾತು ಕಡಿಮೆ, ಮುಖದಲ್ಲಿ ನಗುವೂ ಕಡಿಮೆ.

ಮೊದಲ ದಿನವೇ, "ಅಕ್ಕಾರ, ನೀವು ಸ್ವಲ್ಪ ಹೊರಗ ಕುಂದರ್ರಿ" ಎಂದರು. ಅತ್ತೆಯನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡುಬಿಟ್ಟರು!

ತನ್ನದೇ ಅಡುಗೆಮನೆ... ತನಗೇ ಬಾಗಿಲು ಹಾಕಿದೆ. ಜಯಶ್ರೀಗೆ ಹೇಗಾಗಿರಬೇಡ?

ಪಕ್ಕದ ಮನೆಯ ಸರೋಜಕ್ಕ ಬೇರೆ ಕಡ್ಡಿ ಗೀರಿದಳು. "ಪುಕ್ಕಟೆ ಬರ್ತಾಳಂತ? ಈ ಕಾಲದಾಗ ಪುಕ್ಕಟೆ ಯಾರ ಬರ್ತಾರವಾ? ಮುದುಕಿ ಕಿವ್ಯಾಗಿನ ಬೆಂಡವಾಲಿ ಮ್ಯಾಲ ಒಂದ್ ಕಣ್ಣಿಡು."

ಅವತ್ತಿನಿಂದ ಜಯಶ್ರೀ ಬಾಗಿಲಿಗೆ ಕಿವಿಗೊಟ್ಟು ನಿಲ್ಲತೊಡಗಿದಳು.

ಒಳಗೆ ಪಾತ್ರೆ ಬೀಳುವ ಸಪ್ಪಳ... ಅತ್ತೆ "ಹಾ..." ಎಂದು ನರಳಿದ ದನಿ... ಆಮೇಲೆ ಟೀಚರ್ ದನಿ, "ಇನ್ನೊಮ್ಮೆ ಮಾಡ್ರಿ."

ಅಷ್ಟೇ. ಒಂದು ಸಮಾಧಾನದ ಮಾತೂ ಇಲ್ಲ.

ಒಂದು ದಿನ ನೋಡಿದರೆ ಡಬ್ಬಿಗಳೆಲ್ಲ ಜಾಗ ಬದಲಿಸಿವೆ. ಕೆಲವಕ್ಕೆ ದಾರ ಸುತ್ತಿದೆ. ಇದೇನು ಮಾಟವೋ, ಮಂತ್ರವೋ?

"ಅತ್ತಿ, ಒಳಗ ಏನ್ ನಡಸೀರಿ ಇಬ್ರೂ?"

"ಬ್ಯಾಂಕ್ ಲೂಟಿ ಮಾಡೂ ಪ್ಲ್ಯಾನ್ ಹಾಕಾಕತ್ತೀವಿ" ಎಂದು ನೀಲವ್ವ ನಕ್ಕರು. "ನೀ ಪೊಲೀಸ್ ಆಗ್ಬೇಕಿತ್ತು ನೋಡು."

ಜಯಶ್ರೀಗೆ ನಗು ಬರಲಿಲ್ಲ. ಮರುದಿನ ಸ್ನಾನ ಮಾಡಿಸುವಾಗ ಅತ್ತೆಯ ಬೆರಳ ಮೇಲೆ ಸುಟ್ಟ ಬೊಬ್ಬೆ ಕಂಡಿತು.

"ಇದೇನ್ರಿ ಇದು?"

ನೀಲವ್ವ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡರು. "ಏನಿಲ್ಲ ಬಿಡವಾ..."

ಜಯಶ್ರೀ ಒದ್ದೆ ಕೈಯಲ್ಲೇ ಸಂಸ್ಥೆಗೆ ಫೋನ್ ಮಾಡಿದಳು. "ನಿಮ್ಮ ಟೀಚರ್‌ನ ಇನ್ನ ಮ್ಯಾಲ ಕಳಸಬ್ಯಾಡ್ರಿ. ನಮ್ಮ ಅತ್ತೀನ ನಾವ ನೋಡ್ಕೋತೀವಿ."

ಆದರೂ ಟೀಚರ್ ಒಮ್ಮೆ ಬಂದರು. "ನೀವು ಬ್ಯಾಡ ಅಂದ್ರ ಬರೂದಿಲ್ಲ ಅಕ್ಕಾರ. ಹೇಳಿ ಹೋಗೂಣು ಅಂತ ಬಂದೆ."

ನೀಲವ್ವ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು.

"ಜಯಾ... ಇವತ್ತೊಂದು ದಿನ ಬಿಡು ಯವ್ವಾ. ಇದೊಂದು ಕಲ್ತಬಿಡ್ತೀನಿ. ಆಮೇಲೆ ನೀ ಹೇಳಿದ್ಹಂಗ ಕಟ್ಟೀ ಮ್ಯಾಲ ಕುಂದರ್ತೀನಿ."

ಅತ್ತೆ ಇಷ್ಟು ವರ್ಷಗಳಲ್ಲಿ ಹೀಗೆ ಬೇಡಿದ್ದನ್ನು ಜಯಶ್ರೀ ಕಂಡಿರಲಿಲ್ಲ. ಹೂಂ ಎಂದಳು.

ಮತ್ತೆ ಚಿಲಕ ಬಿತ್ತು... ಆದರೆ ಅನುಮಾನ ಬಿಡಬೇಕಲ್ಲ! ಜಯಶ್ರೀ ಹಿತ್ತಲಿಗೆ ಓಡಿ, ಕಿಟಕಿಯಿಂದ ಒಳಗೆ ಇಣುಕಿದಳು.

ಒಲೆಯ ಮೇಲೆ ಹಂಚು ಕಾದಿದೆ. ಅತ್ತೆಯ ಕೈ ಅದರ ಹತ್ತಿರ ಹೋಗುತ್ತಿದೆ... ಟೀಚರ್ ಮಾತ್ರ ಪಕ್ಕದಲ್ಲೇ ಕೈಕಟ್ಟಿ ಕೂತಿದ್ದಾರೆ!

"ಕೈ ಸುಡತೈತಿ ಅತ್ತೀದು! ಕುಂತು ತಮಾಷೆ ನೋಡಾಕತ್ತೀರೇನ್ರೀ? ಬಾಗಲಾ ತಗೀರಿ ಮೊದಲ!"

ಜಯಶ್ರೀ ಸುತ್ತಿ ಓಡಿ ಬರುವಷ್ಟರಲ್ಲಿ ಟೀಚರ್ ಎದ್ದು ಬಾಗಿಲು ತೆಗೆದಿದ್ದರು. ಅವರ ಹಣೆ ಬೆವೆತಿತ್ತು.

"ಅಕ್ಕಾರ, ಹಿಡೀಬೇಕು ಅಂತ ನನಗೂ ಅನಸ್ತದ. ನಾ ಹಿಡದ್ರ ಅವರ ಕೈ ಕಲಿಯೂದಿಲ್ರಿ. ಅವರು ಕೇಳೂತನಕ ಮುಟ್ಟಬಾರದು ಅನ್ನೂದ ನಮ್ಮ ಕೆಲಸದ ಪದ್ಧತಿ. ಡಬ್ಬಿಗೆ ದಾರ ಸುತ್ತಿದ್ದೂ ಅವರ ಕೈಗೆ ಗುರ್ತ ಸಿಗಲಿ ಅಂತ."

"ಮತ್ತ ಚಿಲಕ ಯಾಕ?"

"ಅದು ನಾ ಹಾಕಿಸಿದ್ದು" ಎಂದರು ನೀಲವ್ವ. "ನೀ ಇದ್ರ ಬಿಡ್ತಿದ್ದಿ ಏನು? ಹಂಚ ಕಸಗೊಂಡು ನನ್ನ ಹೊರಗ ಕುಂದರಸ್ತಿದ್ದಿ."

ಮಾತಾಡುತ್ತಲೇ ಅವರು ಹಂಚಿನ ಮೇಲಿದ್ದ ಜೋಳದ ರೊಟ್ಟಿಯನ್ನು ತಿರುವಿದರು. ಒಂದು ಅಂಚು ಹರಿದಿತ್ತು. ಇನ್ನೊಂದು ಕಡೆ ಕಪ್ಪಗಾಗಿತ್ತು.

"ಕುಂದರು. ತಾಟು ತಗೋ."

"ನನಗ್ಯಾಕ್ರಿ ಅತ್ತಿ? ಎಲ್ಲಾರ್ದೂ ಆಗ್ಲಿ. ನಾ ಆಮೇಲೆ..."

"ಅದ ನೋಡು, ಆಮೇಲೆ!" ನೀಲವ್ವನ ದನಿ ಒಡೆಯಿತು. "ಕಣ್ಣ ಹೋದ ಮ್ಯಾಲ ಕಿವಿ ಭಾಳ ಕೇಳತೈತಿ ಯವ್ವಾ. ಎಲ್ಲಾರಿಗೂ ರೊಟ್ಟಿ ಬಡದ ಹಾಕಿ, ಒಲಿ ಆರಿಸಿ, ಕಡೀಗೆ ನೀ ಒಬ್ಬಾಕಿ ಕುಂತು ಆರಿದ ರೊಟ್ಟಿ ಮುರೀತಿ. ಕಟಕ್ ಅಂತೈತಿ ಅದು. ದಿನಾ ಕೇಳತೀನಿ... ನಾನೂ ಹಿಂಗ ಆರಿದ್ದ ತಿಂದ ಬಾಳೇವು ಮಾಡೀನಿ. ನನಗ ಯಾರೂ ಬಿಸಿ ರೊಟ್ಟಿ ಬಡದ ಹಾಕ್ಲಿಲ್ಲ. ನಿನಗಾರ ಹಾಕ್ಬೇಕು ಅಂತ ಈಕೀನ ಕಾಡಿ ಕಲ್ತೀನಿ."

ಜಯಶ್ರೀ ತಾಟು ತೆಗೆದುಕೊಂಡು ನೆಲದ ಮೇಲೆ ಕೂತಳು. ತಾಟಿಗೆ ಬಿದ್ದ ರೊಟ್ಟಿಯಿಂದ ಇನ್ನೂ ಹಬೆ ಏಳುತ್ತಿತ್ತು... ಅವಳಿಗೆ ಮಾತ್ರ ಅದು ಮಸುಕಾಗಿ ಕಾಣುತ್ತಿತ್ತು.

"ಯಾಕ, ರೊಟ್ಟಿ ಇನ್ನೂ ಮುರದಿಲ್ಲೇನು? ಭಾರತದ ನಕಾಶೆ ಆಗೈತೇನು?"

"ಇಲ್ರಿ ಅತ್ತಿ... ಚಂದ ಆಗೈತಿ" ಎನ್ನುವಷ್ಟರಲ್ಲಿ ಅಳು ನುಗ್ಗಿ ಬಂತು.

ನೀಲವ್ವ ಮತ್ತೆ ಹಿಟ್ಟು ತಟ್ಟಿ, ಹಂಚಿನ ಕಡೆ ಕೈ ಚಾಚಿದರು. ಜಯಶ್ರೀಯ ಕೈ ತಡೆಯಲು ತಾನಾಗಿಯೇ ಮೇಲೆದ್ದಿತು...

ಅರ್ಧಕ್ಕೇ ನಿಂತಿತು. ಆ ಕೈಯಿಂದಲೇ ಕಣ್ಣೊರೆಸಿಕೊಂಡು, ತಾಟು ಮುಂದೆ ಹಿಡಿದಳು.

"ಇನ್ನೊಂದು ಹಾಕ್ರಿ ಅತ್ತಿ... ಭಾಳ ಹಸಿವಾಗೈತಿ."

ಆಮೇಲೆ ಟೀಚರ್ ಕಡೆ ತಿರುಗಿ ಮೆಲ್ಲಗೆ ಹೇಳಿದಳು, "ನೀವೂ ಕುಂದರ್ರಿ. ಮುಂದಿನ ವಾರ ಪಲ್ಯ ಮಾಡೂದ ಕಲಿಸ್ರಿ. ಸಂಸ್ಥೆಗೆ ಫೋನ್ ನಾ ಮಾಡ್ತೀನಿ."

*ಹಿರಿಯರಿಗೆ ಎಲ್ಲವನ್ನೂ ನಾವೇ ಮಾಡಿಕೊಡುವುದಷ್ಟೇ ಸೇವೆಯಲ್ಲ... ಅವರು ನಮಗಾಗಿ ಏನಾದರೂ ಮಾಡಲು ಜಾಗ ಬಿಡುವುದೂ ಸೇವೆಯೇ.*

ನಿಮ್ಮ ಮನೆಯ ಹಿರಿಯರು ಕೊನೆಯ ಸಲ ನಿಮಗೋಸ್ಕರ ಏನು ಮಾಡಿದ್ದರು, ನೆನಪಿದೆಯೇ? ಅದನ್ನು ನಿಲ್ಲಿಸಿದ್ದು ಅವರೋ... ನಾವೋ?