ಇಗರ್ಜಿಗೆ ಹೊರಟ ಒಣ ಸಿಗಡಿ

ಒಣ ಸಿಗಡಿಯ ಪೊಟ್ಟಣ ಬಿಚ್ಚಿದಾಗಲೆಲ್ಲ ನನಗೆ ಹಸಿವಿಗಿಂತ ಮೊದಲು ಪಪ್ಪನ ಬಿಳಿ ಅಂಗಿ ನೆನಪಾಗುತ್ತದೆ.

ನಾವಾಗ ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿದ್ದೆವು. ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಲಾರಿಯ ಮೇಲಿಂದ ಬಿದ್ದು ತಲೆಗೆ ಏಟು ಮಾಡಿಕೊಂಡ ಪಪ್ಪ, ಆಸ್ಪತ್ರೆಯಿಂದ ಮನೆಗೆ ಬಂದು ಎರಡು ತಿಂಗಳಾಗಿತ್ತು. ಸೆಕೆಯೆಂದು ಹೆಲ್ಮೆಟ್ ತೆಗೆದಿಟ್ಟಿದ್ದರಂತೆ. ಹೊಲಿಗೆಯ ಗುರುತು ಕೂದಲಲ್ಲಿ ಮುಚ್ಚಿಹೋಯಿತು, ಆದರೆ ಮೂಗಿಗೆ ವಾಸನೆ ಮರಳಲಿಲ್ಲ. ಮೊದಲೆಲ್ಲ ಲಿಫ್ಟಿನಿಂದ ಇಳಿಯುವಾಗಲೇ “ಇವತ್ತು ಬಂಗುಡೆ” ಎನ್ನುತ್ತಿದ್ದವರು, ಈಗ ತಟ್ಟೆ ನೋಡಿ ತಿಳಿದುಕೊಳ್ಳುತ್ತಿದ್ದರು. ಮಮ್ಮಿ ನಗುವುದನ್ನೇ ಬಿಟ್ಟಿದ್ದಳು.

ಅಲ್ಲಿ ವಾರದ ರಜೆಯಾದ ಆ ಶುಕ್ರವಾರ ಮಧ್ಯಾಹ್ನ ಮೂವರೂ ಇಗರ್ಜಿಗೆ, ಅಂದರೆ ಚರ್ಚಿಗೆ, ಹೊರಟೆವು. ಟ್ಯಾಕ್ಸಿ ಹತ್ತಿದ್ದೇ ತಡ, ಡ್ರೈವರ್ ನಾಲ್ಕೂ ಕಿಟಕಿ ಇಳಿಸಿದ. ಮಮ್ಮಿ ಪಪ್ಪನ ಬಿಳಿ ಅಂಗಿಯ ಭುಜ ಮೂಸಿದಳು. ಊರಿಂದ ಬಂದ ಒಣ ಸಿಗಡಿಗೆ ಇರುವೆ ಹತ್ತದಿರಲೆಂದು ಪಪ್ಪ ಅದನ್ನು ಕಪಾಟಿನಲ್ಲಿ, ಇಸ್ತ್ರಿ ಮಾಡಿದ ಅಂಗಿಗಳ ನಡುವೆ ಜೋಪಾನವಾಗಿ ಇಟ್ಟಿದ್ದರು.

“ಇದೆಂತ ಮಾಡಿದ್ರಿ? ಇವತ್ತು ಪೂಜೆಗೆ ಬಂದವರಿಗೆಲ್ಲ ಹಸಿವಾಗ್ತದೆ!” ಎಂದ ಮಮ್ಮಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಪಪ್ಪ ತೋಳನ್ನು ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದರು. ಏನೂ ಸಿಗಲಿಲ್ಲ. ನನ್ನ ಕಡೆ ತಿರುಗಿದರು.

“ಹೇಗುಂಟು ಪರಿಮಳ?”

“ಅಜ್ಜಿ ಮನೆಯ ಹಾಗೇ ಉಂಟು, ಪಪ್ಪ.”

“ಹಾಗಾದ್ರೆ ಹತ್ತಿರ ಬಾ. ನನ್ನದೂ ಸೇರಿಸಿ ನೀನೇ ಮೂಸು.”

ನಾನು ಅವರ ತೋಳಿಗೆ ಮುಖ ಒತ್ತಿ, ಇಗರ್ಜಿ ಬರುವವರೆಗೂ ಇಬ್ಬರಿಗಾಗುವಷ್ಟು ಉಸಿರೆಳೆದೆ.